ಮೇಳವೊಂದು ಬೆಳೆದ ಬಗೆ

ಬೀದರಿನಿಂದ ಭಾಲ್ಕಿ, ಔರಾದುಗಳ ಕಡೆಗೆ ಹೊರಟ ಹಾಡಿಗೆ ಭಾಷೆಯ ಗಡಿ ಅಷ್ಟಾಗಿ ಕಾಣಿಸದು. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಮಹಾರಾಷ್ಟ್ರ, ತೆಲಂಗಾಣಗಳಿಂದಲೂ ಭಕ್ತರು ಬರುತ್ತಾರೆ. ಅಷ್ಟೂರಿನ ಬಹಮನಿ ಗೋರಿಯಲ್ಲಿ ಮಲಗಿರುವ ಸುಲ್ತಾನ ಅಹಮದ್ ಷಾ ಕೆಲವರ ಪಾಲಿಗೆ ವಲಿ, ಕೆಲವರ ಪಾಲಿಗೆ ಸಾಕ್ಷಾತ್ ಅಲ್ಲಮಪ್ರಭು. ಉರುಸಿನಲ್ಲಿ ಜಂಗಮರೂ ಪಾಲ್ಗೊಳ್ಳುತ್ತಾರೆ. ಇಂಥ ನೆಲದ ಭಜನೆಯಲ್ಲಿ ಕನ್ನಡದ ತತ್ವಪದ ಮುಗಿದೊಡನೆ ಮರಾಠಿಯ ಅಭಂಗವೊಂದು ಎದ್ದರೆ ಯಾರೂ ಬೆರಗಾಗುವುದಿಲ್ಲ.

ಆದುದರಿಂದಲೇ, ಒಂದೇ ವೇದಿಕೆಯಲ್ಲಿ ಕನ್ನಡ, ಹಿಂದಿ, ಇಂಗ್ಲಿಷುಗಳನ್ನು ಹಾಡಿ ಹೆಸರಾದ ರಘು ದೀಕ್ಷಿತರ ವಾದ್ಯಮೇಳವು ಬೆಂಗಳೂರಿಗೆ ಎಷ್ಟು ಹೊಸತಾಗಿ ತೋರಿತೋ ಬೀದರಿಗೆ ಅಷ್ಟು ಹೊಸತಾಗಿ ತೋರಬೇಕಾದುದಿಲ್ಲ. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ಈ ಗಾಯಕರು ಮೊದಲು ಕಲಿತದ್ದು ಭರತನಾಟ್ಯ, ಓದಿದ್ದು ಸೂಕ್ಷ್ಮಜೀವಿಶಾಸ್ತ್ರ. ‘ಅಂತರಾಗ್ನಿ’ ಎಂಬ ಅವರ ಮೊದಲ ತಂಡ ಒಡೆಯಿತು. 2005ರಲ್ಲಿ ತಮ್ಮದೇ ಹೆಸರಿನಲ್ಲಿ ಇನ್ನೊಂದನ್ನು ಕಟ್ಟಿದರು. ಜೊತೆಗಾರರು ಬರುತ್ತಿದ್ದರು, ಹೋಗುತ್ತಿದ್ದರು; ಧ್ವನಿಮುದ್ರಣ ಕಂಪನಿಗಳ ಬಾಗಿಲು ಮಾತ್ರ ತೆರೆಯಲಿಲ್ಲ. ಕಡೆಗೆ ಮುಂಬಯಿಯಲ್ಲಿ ಹಾಡು ಕೇಳಿದ ವಿಶಾಲ್–ಶೇಖರ್ ಜೋಡಿಯ ನೆರವಿನಿಂದ 2008ರಲ್ಲಿ ಮೊದಲ ಸಂಗ್ರಹ ಹೊರಬಂದಿತು. ಒಡೆದ ತಂಡದ ಹೆಸರನ್ನೇ ಅದಕ್ಕೆ ಇಟ್ಟಿದ್ದರು.

ಆ ಸಂಗ್ರಹದಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದವಿತ್ತು. ಮುಂದೆ 2010ರಲ್ಲಿ ಬಿ.ಬಿ.ಸಿ. ದೂರದರ್ಶನದಲ್ಲಿ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಗಿಟಾರು ಹಿಡಿದು ನಿಂತ ಈ ಮೇಳವು 2013ರ ‘ಜಗ್ ಚಂಗಾ’ ಸಂಗ್ರಹದಲ್ಲಿ ಮತ್ತೆ ಶರೀಫರನ್ನೇ ಅರಸಿ ಬಂದಿತು. ಲಂಡನ್ನು ನೋಡಿ ಬಂದವರಿಗೂ ಕೋಡಗನ ಕೋಳಿಯ ಪದವೇ ಬೇಕಾಯಿತು!

ಪದವನ್ನು ಕೆಡಿಸಿದರೆಂದು ಗೊಣಗುವವರಿದ್ದಾರೆ. ಅವರ ಮಾತು ತೀರ ಹುರುಳಿಲ್ಲದ್ದಲ್ಲ; ಡ್ರಮ್ಮಿನ ಅಬ್ಬರದಲ್ಲಿ ಒಗಟಿನ ಅರ್ಥ ಮುಳುಗುವುದುಂಟು. ಆದರೆ ಗಿಟಾರು ಪರದೇಶದ್ದೆಂಬ ದೂರು ನಿಲ್ಲಲಾರದು. ಏಕತಾರಿಯ ಮಗ್ಗುಲಲ್ಲಿ ಮನೆಯ ಹಿರಿಯನಂತೆ ಕುಳಿತಿರುವ ಪೇಟಿ ಎಲ್ಲಿಂದ ಬಂದಿತು? ಯುರೋಪಿನಿಂದ ಬಂದ ಆ ಹಾರ್ಮೋನಿಯಮ್ಮನ್ನು ಆಕಾಶವಾಣಿಯು 1940ರಿಂದ 1971ರವರೆಗೆ ಬಹಿಷ್ಕರಿಸಿತ್ತು. ಹಳ್ಳಿಯ ಭಜನೆ ಆ ಬಹಿಷ್ಕಾರವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಇದೇ ಶರೀಫರನ್ನು ಸಿ. ಅಶ್ವತ್ಥರು ಸುಗಮ ಸಂಗೀತಕ್ಕೆ ಕರೆತಂದರು. 1990ರಲ್ಲಿ ನಾಗಾಭರಣರ ಚಲನಚಿತ್ರವು ಆ ಧಾಟಿಗಳನ್ನು ಮನೆಮನೆಗೆ ಮುಟ್ಟಿಸಿತು. ಇಂದು ‘ಹಳೆಯ ಧಾಟಿ’ ಎಂದು ಅನೇಕರು ಹಂಬಲಿಸುವುದು ಅಶ್ವತ್ಥರ ಧಾಟಿಗಾಗಿಯೇ ಹೊರತು 1889ರಲ್ಲಿ ಕಣ್ಮುಚ್ಚಿದ ಶರೀಫರದಕ್ಕಾಗಿ ಅಲ್ಲ. ಅದನ್ನು ಕೇಳಿದವರು ಯಾರಿದ್ದಾರೆ?

ಹೆಚ್ಚು ಯೋಚಿಸಬೇಕಾದುದು ಬೇರೆಯೇ ಇದೆ. ನಗರದ ಮೇಳಕ್ಕೆ ಟಿಕೆಟ್ಟುಂಟು, ಕರಾರುಂಟು. ಕೆಟ್ಟರೂ ಇನ್ನೊಂದನ್ನು ಕಟ್ಟಬಹುದು. ಊರ ಭಜನೆಯ ಮೇಳಕ್ಕೆ ಇಡೀ ರಾತ್ರಿಯ ಹಾಡಿಗೆ ಚಹಾ, ಎಲೆ ಅಡಿಕೆ, ಕೆಲವೊಮ್ಮೆ ಒಂದು ಟವೆಲು. ತಬಲಾ ನುಡಿಸುವ ಹುಡುಗ ಕೂಲಿಗೆಂದು ಹೈದರಾಬಾದಿಗೋ ಪುಣೆಗೋ ಹೋದನೆಂದರೆ ಮೇಳ ಅರ್ಧವಾಯಿತು. ಪದಗಳನ್ನು ಬಾಯಲ್ಲಿಟ್ಟುಕೊಂಡ ಹಿರಿಯ ತೀರಿದನೆಂದರೆ ಮುಗಿದೇಹೋಯಿತು. ಬರೆದಿಟ್ಟವರಿಲ್ಲ. ಶರೀಫರ ಪದವನ್ನು ಲಂಡನ್ನಿನಲ್ಲಿ ಹಾಡಬಹುದಾದುದು ಇಂಥ ಅನಾಮಧೇಯರು ಅದನ್ನು ಅಷ್ಟು ಕಾಲ ಹಾಡಿಟ್ಟುದರಿಂದ. ಆ ಸಾಲವನ್ನು ತೀರಿಸುವ ದಾರಿಯನ್ನು ಯಾವ ಕರಾರಿನಲ್ಲಿಯೂ ಬರೆದಿರುವುದಿಲ್ಲ.

ಮೊಬೈಲಿನಲ್ಲಿ ಕೇಳಿದ ಧಾಟಿಯನ್ನು ತರುಣರು ಈಗ ಭಜನೆಗೂ ತರುತ್ತಾರೆ. ಹಿರಿಯರು ಮೊದಲು ಮೂಗು ಮುರಿದು, ಎರಡನೆಯ ಚರಣದ ಹೊತ್ತಿಗೆ ತಾವೇ ತಾಳ ಹಿಡಿಯುವುದುಂಟು. ಕವಿಯ ಅಂಕಿತವಿರುವ ಕೊನೆಯ ನುಡಿಯನ್ನು ಬಿಟ್ಟು ಹಾಡಿದರೆ ಮಾತ್ರ ಪೇಟಿ ಅಲ್ಲಿಗೇ ನಿಲ್ಲುತ್ತದೆ.