ಬ್ಲೂ ರಿಜ್ ಹಾದಿಯಲ್ಲಿ ಒಂದು ವಾರ

ಊರಿನಿಂದ ಅಪ್ಪ-ಅಮ್ಮ ಬಂದರೆ ನಾವೆಲ್ಲ ಅವರನ್ನು ಎಲ್ಲಿಗೆ ಕರೆದೊಯ್ಯುತ್ತೇವೆ? ನಯಾಗರಾ ಜಲಪಾತ, ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿ, ವಾಷಿಂಗ್ಟನ್ನಿನ ಶ್ವೇತಭವನ, ಪಿಟ್ಸ್‌ಬರ್ಗಿನ ವೆಂಕಟೇಶ್ವರ. ಇಷ್ಟಾದ ಮೇಲೆ ಉಳಿದ ದಿನಗಳಿಗೆ ಕಾಸ್ಟ್‌ಕೋ! ಉತ್ತರ ವರ್ಜೀನಿಯಾದಲ್ಲಿ ನೆಲೆಸಿರುವ ನಾವೂ ಎರಡು ಸಲ ಇದನ್ನೇ ಮಾಡಿದ್ದೆವು. 2022ರಲ್ಲಿ ಅಪ್ಪ ಮೂರನೆಯ ಸಲ ಬಂದರು. ಈ ಬಾರಿ ಒಬ್ಬರೇ. ಅಮ್ಮ ಹಿಂದಿನ ವರ್ಷ ತೀರಿಕೊಂಡಿದ್ದರು.

ಅಪ್ಪ ಮೂಡಿಗೆರೆ ಕಡೆಯ ಶಾಲೆಗಳಲ್ಲಿ ಕನ್ನಡ ಮೇಷ್ಟರಾಗಿದ್ದವರು. ಮೊದಲೇ ಮಿತಭಾಷಿ; ಈಗ ಮಾತು ಇನ್ನೂ ಕಡಿಮೆಯಾಗಿತ್ತು. ಎಲ್ಲಿಗೆ ಹೋಗೋಣ ಎಂದು ಕೇಳಿದ್ದಕ್ಕೆ, "ದೊಡ್ಡ ಊರೆಲ್ಲ ನೋಡಿ ಆಯ್ತಲ್ಲ ಮಾರಾಯ. ಎಲ್ಲಾದ್ರೂ ಕಾಡು-ಗುಡ್ಡ ಇದ್ರೆ ತೋರಿಸು" ಎಂದರು. ಹಾಗೆ ಹೊಳೆದದ್ದು ನಮ್ಮ ಮನೆಯಿಂದ ಒಂದೂವರೆ ಗಂಟೆ ದೂರದಲ್ಲೇ ಶುರುವಾಗುವ ಬೆಟ್ಟದ ಹಾದಿ. ಮೊದಲು ಶೆನಂಡೋವಾ ರಾಷ್ಟ್ರೀಯ ಉದ್ಯಾನದ ಬೆನ್ನ ಮೇಲೆ ಸಾಗುವ 105 ಮೈಲಿಯ ಸ್ಕೈಲೈನ್ ಡ್ರೈವ್. ಅದು ಮುಗಿಯುವ ರಾಕ್‌ಫಿಶ್ ಗ್ಯಾಪ್‌ನಲ್ಲಿ ಶುರುವಾಗಿ, ನಾರ್ತ್ ಕ್ಯಾರೊಲಿನಾದ ಚೆರೋಕಿವರೆಗೆ 469 ಮೈಲಿ ಹೋಗುವ ಬ್ಲೂ ರಿಜ್ ಪಾರ್ಕ್‌ವೇ. ಒಟ್ಟು 574 ಮೈಲಿ. ಲಾರಿಗಳಿಲ್ಲ, ಜಾಹೀರಾತು ಫಲಕಗಳಿಲ್ಲ, ಟ್ರಾಫಿಕ್ ದೀಪಗಳಿಲ್ಲ.

ನಾನು ಸಾಫ್ಟ್‌ವೇರ್ ಮನುಷ್ಯ. ಪ್ರವಾಸವೆಂದರೆ ಮೊದಲು ಎಕ್ಸೆಲ್ ಶೀಟ್! ಈ ರಸ್ತೆಯಂತೂ ನನ್ನಂಥವರಿಗೆ ಹೇಳಿ ಮಾಡಿಸಿದ್ದು. ಪಾರ್ಕ್‌ವೇಯಲ್ಲಿ ಪ್ರತಿ ಮೈಲಿಗೂ ಒಂದು ಮೈಲಿಗಲ್ಲು. ಎಲ್ಲ ತಾಣಗಳಿಗೂ ಮೈಲಿ ಸಂಖ್ಯೆಯೇ ವಿಳಾಸ. ಒಂದು ವಾರಕ್ಕೆ 27 ತಾಣಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ತಲುಪುವ ಸಮಯ, ಹೊರಡುವ ಸಮಯ ಬರೆದು, ಪ್ರಿಂಟ್ ತೆಗೆದು ಎಲ್ಲರಿಗೂ ಹಂಚಿದೆ. ಅಪ್ಪ ಕನ್ನಡಕ ಏರಿಸಿ ಓದಿ, "ಎಂತ ಇದು, ಪ್ರವಾಸವಾ ಪರೀಕ್ಷೆಯಾ?" ಎಂದರು. ಹೆಂಡತಿ ಮುಸಿಮುಸಿ ನಕ್ಕಳು.

ಅಕ್ಟೋಬರ್ ಎರಡನೆಯ ವಾರದ ಒಂದು ಬುಧವಾರ, ಮಗಳ ಶಾಲೆಗೆ ರಜೆಯ ಚೀಟಿ ಬರೆದುಕೊಟ್ಟು ಹೊರಟೆವು. ಡಿಕ್ಕಿಯಲ್ಲಿ ಅನ್ನದ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹೆಪ್ಪು ಹಾಕಿದ ಮೊಸರಿನ ಡಬ್ಬಿ, ಉಪ್ಪಿನಕಾಯಿ. ಬೆಟ್ಟದ ಮೇಲೆ ಸಸ್ಯಾಹಾರಿಗಳಿಗೆ ಸಿಗುವುದು ಬಹುಮಟ್ಟಿಗೆ ಆಲೂಗಡ್ಡೆ ಫ್ರೈ ಮಾತ್ರ ಎಂಬುದು ಅನುಭವಿಗಳ ಮಾತು.

ಮೊದಲ ದಿನವೇ ನನ್ನ ಲೆಕ್ಕ ತಪ್ಪಿತು. ಸ್ಕೈಲೈನ್ ಡ್ರೈವ್‌ನಲ್ಲಿ ವೇಗಮಿತಿ ಗಂಟೆಗೆ 35 ಮೈಲಿ, ಪಾರ್ಕ್‌ವೇಯಲ್ಲಿ 45. ತಿರುವುಗಳಲ್ಲಿ ಅಷ್ಟೂ ಸಾಧ್ಯವಿಲ್ಲ. ನಾನು ಹೆದ್ದಾರಿಯ ಅಭ್ಯಾಸಬಲದಿಂದ ಗಂಟೆಗೆ 60ರಂತೆ ಭಾಗಿಸಿದ್ದೆ! ಸ್ಕೈಲೈನ್ ಒಂದರಲ್ಲೇ ಕಣಿವೆ ನೋಡಲು ಕಾರು ನಿಲ್ಲಿಸುವ ಸುಮಾರು 70 ಕಟ್ಟೆಗಳಿವೆ. ಮಗಳು ಪ್ರತಿಯೊಂದರಲ್ಲೂ ಇಳಿಯಬೇಕೆನ್ನುತ್ತಾಳೆ, ಅಪ್ಪನೂ ಅವಳ ಹಿಂದೆ. ಸ್ಟಾಂಟನ್ ಎಂಬ ಪುಟ್ಟ ಊರು ಸೇರುವಾಗ ಕತ್ತಲಾಗಿತ್ತು. ಅಧ್ಯಕ್ಷ ವುಡ್ರೋ ವಿಲ್ಸನ್ 1856ರಲ್ಲಿ ಹುಟ್ಟಿದ ಊರದು. ಅವರ ಮನೆ ಪಟ್ಟಿಯಲ್ಲಿತ್ತು, ನೋಡಲಾಗಲಿಲ್ಲ.

ಎರಡನೆಯ ದಿನ ರೋನೋಕ್. ಮೂರನೆಯ ದಿನ ಶುಕ್ರವಾರ, ಫ್ಲಾಯ್ಡ್ ಎಂಬ ಊರು. ಅಲ್ಲಿನ ಹಳೆಯ ಕಂಟ್ರಿ ಸ್ಟೋರ್‌ನಲ್ಲಿ ಶುಕ್ರವಾರ ರಾತ್ರಿ ಹಾಡು-ಕುಣಿತ. ಪಿಟೀಲು, ಬ್ಯಾಂಜೊ ಹಿಡಿದು ಸುತ್ತಲಿನ ಹಳ್ಳಿಗರು ಬರುತ್ತಾರೆ. ಮುದುಕರು, ಮಕ್ಕಳು ಎಲ್ಲರೂ ಮರದ ನೆಲದ ಮೇಲೆ ಟಕಟಕ ಹೆಜ್ಜೆ ಹಾಕುತ್ತಾರೆ. ಇದು ನನ್ನ ಪಟ್ಟಿಯಲ್ಲಿ ಅರ್ಧ ಗಂಟೆ. ಅಪ್ಪ ಎರಡೂವರೆ ಗಂಟೆ ಕುರ್ಚಿ ಬಿಟ್ಟು ಏಳಲಿಲ್ಲ. ಕಾಲಿನಲ್ಲಿ ತಾಳ ಹಾಕುತ್ತಾ, "ನಮ್ಮ ಸುಗ್ಗಿ ಕುಣಿತದ ಹಾಗೇ ಉಂಟು" ಎಂದರು. ಅಮ್ಮ ಹೋದ ಮೇಲೆ ಅವರ ಮುಖದಲ್ಲಿ ಆ ಗೆಲುವನ್ನು ನಾನು ನೋಡಿದ್ದು ಅದೇ ಮೊದಲು.

ಆದರೆ ನನಗೆ ಬುದ್ಧಿ ಬಂದಿರಲಿಲ್ಲ. ಶನಿವಾರ 176ನೆಯ ಮೈಲಿಯ ಮೇಬ್ರಿ ಮಿಲ್‌ನಲ್ಲಿ ನೀರಿನ ಚಕ್ರ ನೋಡಿ, ಬ್ಲೋಯಿಂಗ್ ರಾಕ್‌ನಲ್ಲಿ ತಂಗಿದೆವು. ಭಾನುವಾರ ಬೆಳಿಗ್ಗೆ ಬಂದದ್ದು 304ನೆಯ ಮೈಲಿಯ ಲಿನ್ ಕೋವ್ ಸೇತುವೆ. ಇದರ ಕಥೆ ಸ್ವಾರಸ್ಯಕರ. ಪಾರ್ಕ್‌ವೇ ಕೆಲಸ ಆರಂಭವಾದದ್ದು 1935ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ ಜನರಿಗೆ ದುಡಿಮೆ ಕೊಡಲೆಂದು. ಮುಗಿದದ್ದು 1987ರಲ್ಲಿ! ಕೊನೆಗೆ ಉಳಿದದ್ದು ಗ್ರ್ಯಾಂಡ್‌ಫಾದರ್ ಮೌಂಟನ್ ಪಕ್ಕದ ಈ ತುಂಡು. ಬೆಟ್ಟವನ್ನು ಕಡಿದು ಗಾಯ ಮಾಡಬಾರದೆಂದು, ಬೇರೆಡೆ ಎರಕ ಹೊಯ್ದ 153 ಕಾಂಕ್ರೀಟ್ ತುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತಾ, 1,243 ಅಡಿ ಉದ್ದದ ಸೇತುವೆಯನ್ನು ಹಾವಿನಂತೆ ಬೆಟ್ಟದ ಮಗ್ಗುಲಲ್ಲಿ ತೇಲಿಸಿದ್ದಾರೆ. ಬೆಟ್ಟದ ಹೆಸರು ಕೇಳಿದ ಮಗಳು, "ಅಜ್ಜ, ಇದು ನಿಮ್ಮ ಬೆಟ್ಟ!" ಎಂದು ಕೂಗಿದಳು.

ಅಲ್ಲಿಂದ ಹನ್ನೆರಡು ಮೈಲಿ ಮುಂದೆ ಲಿನ್‌ವಿಲ್ ಜಲಪಾತ. ಕಾರು ನಿಲ್ಲಿಸುವ ಜಾಗದಿಂದ ಜಲಪಾತದ ಮೇಲಿನ ನೋಟದ ಕಟ್ಟೆಗೆ ಹೋಗಿ ಬರಲು ಒಂದೂವರೆ ಮೈಲಿಗೆ ತುಸು ಹೆಚ್ಚು ಕಾಡಿನ ನಡಿಗೆ. ಅಪ್ಪ ಊರುಗೋಲು ತೆಗೆದುಕೊಂಡು ಇಳಿದೇಬಿಟ್ಟರು. ನಾನು ಗಡಿಯಾರ ನೋಡಿದೆ. ಮಂಡಿನೋವಿನ ಅಪ್ಪನ ಜತೆ ಎರಡು ಗಂಟೆಯಾದರೂ ಬೇಕು. ಮೌಂಟ್ ಮಿಚೆಲ್ ಶಿಖರ ತಪ್ಪಿಹೋಗುತ್ತದೆ!

"ಅಪ್ಪ, ಇದನ್ನ ಬರೋ ಸಲ ನೋಡೋಣ. ಇನ್ನೂ ಎತ್ತರದ ಜಾಗಕ್ಕೆ ಹೋಗೋದಿದೆ" ಎಂದೆ.

"ನಿಧಾನ ನಡೆದ್ರಾಯ್ತಲ್ಲ. ನೀರಿನ ಹತ್ತಿರ ಸ್ವಲ್ಪ ಕೂತು ಬರುವ" ಎಂದರು. ನಾನು ಮತ್ತೊಮ್ಮೆ ಗಡಿಯಾರ ನೋಡಿದ್ದನ್ನು ಕಂಡು, ಏನೂ ಹೇಳದೆ ಕಾರು ಹತ್ತಿ ಕೂತರು.

ಮೌಂಟ್ ಮಿಚೆಲ್ 6,684 ಅಡಿ ಎತ್ತರ. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಇದನ್ನು ಮೀರಿಸುವ ಶಿಖರವಿಲ್ಲ. "ನಮ್ಮ ಮುಳ್ಳಯ್ಯನಗಿರಿಗಿಂತ ಮುನ್ನೂರೈವತ್ತು ಅಡಿ ಜಾಸ್ತಿ ಅಪ್ಪ!" ಎಂದು ಹುರುಪಿನಿಂದ ಮೇಲೆ ಹತ್ತಿಸಿದೆ. ಶಿಖರದಲ್ಲಿ ಕಂಡದ್ದೇನು? ಮಂಜು. ಎದುರು ನಿಂತವರ ಮುಖವೂ ಕಾಣದಷ್ಟು ಮಂಜು. ಅಪ್ಪ ಜೋರಾಗಿ ನಕ್ಕು, "ಇದನ್ನ ನೋಡ್ಲಿಕ್ಕೆ ಇಷ್ಟು ದೂರ ಬರಬೇಕಿತ್ತಾ? ಚಾರ್ಮಾಡಿಯಲ್ಲೇ ಇತ್ತಲ್ಲ ಮಾರಾಯ!" ಎಂದರು. ನಾವೆಲ್ಲ ನಕ್ಕೆವು.

ಸೋಮವಾರ ಆಶ್‌ವಿಲ್‌ನಲ್ಲಿ 1895ರ ಬಿಲ್ಟ್‌ಮೋರ್ ಬಂಗಲೆ, 250 ಕೋಣೆಗಳದ್ದು. ಅಪ್ಪನಿಗೆ ಅದು ಅಷ್ಟಕ್ಕಷ್ಟೆ. ಮಂಗಳವಾರ ಹಾದಿಯ ಕೊನೆ, ಚೆರೋಕಿ ಊರು. 1838ರಲ್ಲಿ ಚೆರೋಕಿ ಜನರನ್ನು ಈ ಬೆಟ್ಟಗಳಿಂದ ಬಲವಂತವಾಗಿ ಪಶ್ಚಿಮಕ್ಕೆ ಅಟ್ಟಿದಾಗ ದಾರಿಯಲ್ಲಿ ಸಾವಿರಾರು ಮಂದಿ ಸತ್ತರು. ಹೇಗೋ ಇಲ್ಲೇ ಉಳಿದವರ ವಂಶಸ್ಥರ ಊರಿದು. ಇಲ್ಲಿನ ಬೀದಿ ಫಲಕಗಳಲ್ಲಿ ಇಂಗ್ಲಿಷಿನ ಜತೆ ಚೆರೋಕಿ ಲಿಪಿಯೂ ಇದೆ. ಸೆಕ್ವೋಯಾ ಎಂಬ, ಇಂಗ್ಲಿಷ್ ಓದಲು ಬಾರದ ಕಮ್ಮಾರ 1821ರ ಹೊತ್ತಿಗೆ ತಾನೊಬ್ಬನೇ ರೂಪಿಸಿದ ಲಿಪಿ ಅದು. ಒಂದೊಂದು ಚಿಹ್ನೆಯೂ ಒಂದು ಅಕ್ಷರ, ನಮ್ಮ ಕಾಗುಣಿತದ ಹಾಗೆ. ಇದನ್ನು ಕೇಳಿದ ಕನ್ನಡ ಮೇಷ್ಟರು ಫಲಕದ ಕೆಳಗೆ ನಿಂತು ಮೊಮ್ಮಗಳಿಗೆ, "ನೋಡು, ಇವರ ನೆಲ ಹೋಯ್ತು, ಅಕ್ಷರ ಉಳೀತು" ಎಂದರು. ಭಾನುವಾರದ ಕನ್ನಡ ಕಲಿ ತರಗತಿಗೆ ಮುಖ ಸಿಂಡರಿಸುವ ಮಗಳು ಆ ಫಲಕದ ಚಿತ್ರವನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಆ ಫಲಕ ನನ್ನ 27 ತಾಣಗಳಲ್ಲಿ ಇರಲೇ ಇಲ್ಲ! ಬುಧವಾರ ಇಡೀ ದಿನ ಹೆದ್ದಾರಿಯಲ್ಲಿ ಓಡಿಸಿ ಮನೆ ಸೇರಿದೆವು. ಚಳಿಗೆ ಮುಂಚೆ ಅಪ್ಪ ಊರಿಗೆ ಹೋದರು.

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಪಶ್ಚಿಮ ನಾರ್ತ್ ಕ್ಯಾರೊಲಿನಾಕ್ಕೆ ಅಪ್ಪಳಿಸಿತು. ಬೆಟ್ಟಗಳು ಜಾರಿದವು, ನದಿಗಳು ಊರುಗಳ ಒಳಗೇ ಹರಿದವು. 469 ಮೈಲಿಯ ಇಡೀ ಪಾರ್ಕ್‌ವೇಯನ್ನು ಮುಚ್ಚಬೇಕಾಯಿತು. ಲಿನ್‌ವಿಲ್ ಜಲಪಾತದ ಸಂದರ್ಶಕರ ಕೇಂದ್ರ, ಅಂದು ಅಪ್ಪ ಊರುಗೋಲು ಹಿಡಿದು ಇಳಿದಿದ್ದ ಜಾಗ, ಪ್ರವಾಹಕ್ಕೆ ನಾಶವಾಯಿತು. ಟಿ.ವಿ.ಯಲ್ಲಿ ಸುದ್ದಿ ನೋಡಿ ಅಪ್ಪ ಫೋನ್ ಮಾಡಿದರು. 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದ್ದನ್ನು ಕಣ್ಣಾರೆ ಕಂಡವರು ಅವರು. "ಆ ಪಿಟೀಲಿನವರೆಲ್ಲ ಹುಷಾರಾಗಿದ್ದಾರಾ?" ಎಂದು ಮೊದಲು ವಿಚಾರಿಸಿದರು. ಫ್ಲಾಯ್ಡ್ ವರ್ಜೀನಿಯಾದಲ್ಲಿದೆ, ಹೆಚ್ಚಿನ ಹಾನಿ ಆಚೆ ಕಡೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ಆ ಜಲಪಾತ ಅವತ್ತೇ ನೋಡಬಹುದಿತ್ತು" ಎಂದರು. ಅದರಲ್ಲಿ ಆಕ್ಷೇಪವಿರಲಿಲ್ಲ. ಆದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಅವರ ಮಂಡಿಗಳು ಈಗ ವಿಮಾನ ಪ್ರಯಾಣಕ್ಕೆ ಒಪ್ಪುವುದಿಲ್ಲ. "ಬರೋ ಸಲ" ಎಂದು ನಾನು ಅಂದದ್ದು ಯಾವ ಧೈರ್ಯದ ಮೇಲೆ?

ಚಂಡಮಾರುತದ ನಂತರ ರಸ್ತೆಯನ್ನು ದುರಸ್ತಿ ಮಾಡಿ ಹಂತಹಂತವಾಗಿ ತೆರೆಯುವ ಕೆಲಸ ನಡೆದಿದೆ. ಆ ಪುಟ್ಟ ಊರುಗಳು ಬದುಕುವುದೇ ಪ್ರವಾಸಿಗರಿಂದ. ಆದ್ದರಿಂದ ಖಂಡಿತ ಹೋಗಿ. ಹೋಗುವವರಿಗೆ ನನ್ನ ಅನುಭವದ ನಾಲ್ಕು ಮಾತು.

ಹೊರಡುವ ಮುನ್ನ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಜಾಲತಾಣದಲ್ಲಿ ಯಾವ ಮೈಲಿಯಿಂದ ಯಾವ ಮೈಲಿಗೆ ರಸ್ತೆ ತೆರೆದಿದೆ ಎಂದು ನೋಡಿಕೊಳ್ಳಿ. ಪಾರ್ಕ್‌ವೇ ಮೇಲೆ ಪೆಟ್ರೋಲ್ ಸಿಗುವುದಿಲ್ಲ. ಟ್ಯಾಂಕ್ ಅರ್ಧವಾದಾಗಲೇ ಹತ್ತಿರದ ಊರಿಗೆ ಇಳಿಯಿರಿ. ಅನೇಕ ಕಡೆ ಸೆಲ್ ಫೋನ್ ಸಿಗ್ನಲ್ ಇರುವುದಿಲ್ಲ, ಕಾಗದದ ನಕ್ಷೆ ಜತೆಗಿರಲಿ. ಸ್ಕೈಲೈನ್ ಡ್ರೈವ್‌ಗೆ ಪ್ರವೇಶ ಶುಲ್ಕವಿದೆ, ಪಾರ್ಕ್‌ವೇಗೆ ಇಲ್ಲ. ಎಲೆಗಳ ಬಣ್ಣಕ್ಕೆ ಒಂದೇ ತಾರೀಖು ಹುಡುಕಬೇಡಿ. ಈ ರಸ್ತೆ ಸುಮಾರು 650 ಅಡಿಯಿಂದ 6,000 ಅಡಿಗೂ ಮೇಲೆ ಏರಿಳಿಯುವುದರಿಂದ, ಬಣ್ಣ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಅಕ್ಟೋಬರ್ ಪೂರ್ತಿ ಎಲ್ಲಾದರೂ ಒಂದು ಕಡೆ ಇದ್ದೇ ಇರುತ್ತದೆ. ದಿನಕ್ಕೆ 100 ಮೈಲಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಪ್ರತಿ ದಿನದ ಪಟ್ಟಿಯಲ್ಲಿ ಮಧ್ಯಾಹ್ನದ ಮೇಲಿನ ಅರ್ಧ ದಿನವನ್ನು ಖಾಲಿ ಬಿಡಿ. ಆ ಖಾಲಿ ಜಾಗ ಯಾತಕ್ಕೆ ಎಂಬುದು ಅಲ್ಲಿ ಹೋದ ಮೇಲೆ ತಾನೇ ಗೊತ್ತಾಗುತ್ತದೆ.

ಈ ಬಾರಿಯ ನಮ್ಮ ಪ್ರವಾಸದ ಪಟ್ಟಿಯನ್ನು ಮಗಳು ಮಾಡುತ್ತಿದ್ದಾಳೆ. ಅದರಲ್ಲಿ ದಿನಕ್ಕೆ ಎರಡೇ ತಾಣ. ನೀರಿನ ಹತ್ತಿರ ಕೂತು ಅಜ್ಜನಿಗೆ ವಿಡಿಯೋ ಕಾಲ್ ಮಾಡಬೇಕೆಂದು ಬರೆದಿದ್ದಾಳೆ. ಸಿಗ್ನಲ್ ಸಿಗುವುದಿಲ್ಲ ಎಂದು ನಾನಿನ್ನೂ ಹೇಳಿಲ್ಲ. ಚಿತ್ರೀಕರಿಸಿಕೊಂಡು ಆಮೇಲೆ ಕಳಿಸಿದರಾಯಿತು.

ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಊರಿನಿಂದ ಬಂದ ಹಿರಿಯರು ಕೂತಿದ್ದರೆ, ಅವರು ನಿಲ್ಲಿಸು ಎಂದಲ್ಲಿ ದಯವಿಟ್ಟು ನಿಲ್ಲಿಸಿ. ಎತ್ತರದ ಶಿಖರ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಶುಭ ಪ್ರಯಾಣ!