ಗುಳ್ಳೆ ಬಂತು ಸರ್

ಏಳನೇ ತರಗತಿಯ ಘಟಕ ಪರೀಕ್ಷೆಗೆ ನಾನೊಂದು ಪ್ರಶ್ನೆ ಹಾಕಿದ್ದೆ. ತಟ್ಟೆಯ ನೀರಿನಲ್ಲಿ ಒಂದರ ಬದಲು ಮೂರು ಮೇಣದಬತ್ತಿ ಹಚ್ಚಿಟ್ಟು ಅದೇ ಗಾಜಿನ ಲೋಟ ಬೋರಲು ಹಾಕಿದರೆ ನೀರು ಎಷ್ಟು ಏರುತ್ತದೆ? ಲೋಟದೊಳಗಿನ ಆಮ್ಲಜನಕ ಅಷ್ಟೇ ಇರುವುದರಿಂದ ನೀರೂ ಅಷ್ಟೇ ಏರುತ್ತದೆ ಎಂದು ಬಹುತೇಕ ಎಲ್ಲರೂ ಬರೆದಿದ್ದರು. ನಾನು ಕಲಿಸಿದ್ದೂ ಅದನ್ನೇ. ಪೂರ್ತಿ ಅಂಕ ಕೊಟ್ಟೆ. ಉತ್ತರಪತ್ರಿಕೆ ಹಂಚಿದ ಮೇಲೆ ಒಬ್ಬಳು ಹುಡುಗಿ ಮೇಜಿನ ಹತ್ತಿರ ಬಂದಳು.

“ಸರ್, ನಾನು ಮನೇಲಿ ಮಾಡಿ ನೋಡ್ದೆ. ಮೂರಿಟ್ರೆ ನೀರು ಜಾಸ್ತಿ ಏರುತ್ತೆ.”

“ಮತ್ತೆ ಇಲ್ಲಿ ಅಷ್ಟೇ ಏರುತ್ತೆ ಅಂತ ಬರೆದಿದ್ದೀಯಲ್ಲಮ್ಮ?”

“ಪರೀಕ್ಷೇಲಿ ನೀವು ಹೇಳಿದ್ದನ್ನೇ ಬರೀಬೇಕಲ್ವಾ ಸರ್?”

ಅವಳ ದನಿಯಲ್ಲಿ ದೂರಿರಲಿಲ್ಲ. ಕಣ್ಣಾರೆ ಕಂಡದ್ದು ಒಂದು, ಅಂಕ ತರುವುದು ಇನ್ನೊಂದು ಎಂಬುದನ್ನು ಆ ಮಗು ಸಲೀಸಾಗಿ ಒಪ್ಪಿಕೊಂಡಿತ್ತು. ಅದನ್ನು ಒಪ್ಪಿಸಿದವನು ನಾನು. ಅದೂ ಮಕ್ಕಳಲ್ಲಿ ವಿಮರ್ಶಾತ್ಮಕ ಚಿಂತನೆ ಬೆಳೆಸಲೆಂದೇ ಸಿದ್ಧಪಡಿಸಿದ ಪಾಠದಲ್ಲಿ.

ಆ ಪಾಠದ ಬಗ್ಗೆ ನನಗೆ ತುಂಬಾ ಹೆಮ್ಮೆಯಿತ್ತು. ತರಬೇತಿಯೊಂದರಿಂದ ಹುಮ್ಮಸ್ಸಿನಲ್ಲಿ ಮರಳಿದ್ದೆ. ಉಪನ್ಯಾಸ ಬೇಡ, ಪ್ರಶ್ನೆಗಳಿಂದಲೇ ಪಾಠ ನಡೆಯಲಿ ಎಂದುಕೊಂಡು ಪಾಠಯೋಜನೆಯಲ್ಲಿ ಪ್ರಶ್ನೆಗಳನ್ನು ಸಾಲಾಗಿ ಬರೆದೆ. ಸಮಾಲೋಚನಾ ಸಭೆಯ ದಿನ ಸುತ್ತಲಿನ ಶಾಲೆಗಳ ಶಿಕ್ಷಕರ ಎದುರು ಇದನ್ನೇ ಮಾದರಿ ಪಾಠವಾಗಿ ಮಾಡಿದೆ. ಬತ್ತಿ ಯಾಕೆ ಆರಿತು? ಒಳಗೆ ಏನು ಮುಗಿಯಿತು? ಮುಗಿದದ್ದರ ಜಾಗಕ್ಕೆ ಏನು ಬಂತು? ಒಂದೊಂದು ಪ್ರಶ್ನೆಗೂ ಕೈಗಳು ಎದ್ದವು, ಉತ್ತರಗಳು ಪಟಪಟನೆ ಬಂದವು, ನಾನು ‘ವೆರಿ ಗುಡ್’ ಎನ್ನುತ್ತಾ ಮುಂದೆ ಸಾಗಿದೆ. ಗಾಳಿಯಲ್ಲಿ ಆಮ್ಲಜನಕ ಐದನೇ ಒಂದು ಭಾಗ, ನೀರು ಏರಿದ್ದೂ ಹೆಚ್ಚುಕಡಿಮೆ ಅಷ್ಟೇ ಎಂದು ಮುಗಿಸಿದಾಗ ಚಪ್ಪಾಳೆ ಬಿತ್ತು.

ನಡುವೆ, ಲೋಟ ಬೋರಲು ಹಾಕಿದ ಹೊತ್ತಿಗೆ, ಹಿಂದಿನ ಸಾಲಿನಿಂದ ಇದೇ ಹುಡುಗಿ ಕೂಗಿದ್ದಳು, “ಸರ್, ಗುಳ್ಳೆ ಬಂತು! ಅಂಚಿಂದ ಗುಳ್ಳೆ ಬಂತು!” ಗುಳ್ಳೆಯ ಬಗ್ಗೆ ನನ್ನ ಪಟ್ಟಿಯಲ್ಲಿ ಪ್ರಶ್ನೆ ಇರಲಿಲ್ಲ. “ಅದು ಆಮೇಲೆ ನೋಡೋಣ, ಕೂತ್ಕೋ” ಎಂದೆ. ಆ ಆಮೇಲೆ ಬರಲೇ ಇಲ್ಲ.

ವಿಷಯ ಇದ್ದದ್ದೇ ಆ ಗುಳ್ಳೆಯಲ್ಲಿ. ಉರಿಯುವ ಬತ್ತಿಯ ಮೇಲೆ ಲೋಟ ಇಳಿಸುವಾಗ ಒಳಗಿನ ಗಾಳಿ ಕಾದು ಹಿಗ್ಗುತ್ತದೆ. ಹಿಗ್ಗಿದ್ದರಲ್ಲಿ ಒಂದಿಷ್ಟು ಅಂಚಿನಿಂದ ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಜ್ವಾಲೆ ಆರಿದಾಗ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ವಾತಾವರಣದ ಒತ್ತಡ ನೀರನ್ನು ಒಳಕ್ಕೆ ನೂಕುತ್ತದೆ. ಅದಕ್ಕೇ ನೀರು ಬತ್ತಿ ಉರಿಯುತ್ತಿರುವಾಗ ಅಷ್ಟಾಗಿ ಏರದೆ, ಆರಿದ ಕೂಡಲೇ ಸರ್ರನೆ ಏರುತ್ತದೆ. ಆಮ್ಲಜನಕವಾದರೂ ಪೂರ್ತಿ ಖರ್ಚಾಗುವುದಿಲ್ಲ. ಗಾಳಿಯಲ್ಲಿ ಶೇ. 21ರಷ್ಟಿರುವುದು ಸುಮಾರು 16ಕ್ಕೆ ಇಳಿಯುವಷ್ಟರಲ್ಲೇ ಮೇಣದಬತ್ತಿ ಆರಿಹೋಗುತ್ತದೆ. ಖರ್ಚಾದದ್ದರ ಬದಲಿಗೆ ಇಂಗಾಲದ ಡೈಆಕ್ಸೈಡ್ ಅಲ್ಲಿಯೇ ಹುಟ್ಟಿರುತ್ತದೆ. ಮೂರು ಬತ್ತಿ ಇಟ್ಟರೆ ಕಾವು ಹೆಚ್ಚು, ಹೊರಹೋಗುವ ಗಾಳಿ ಹೆಚ್ಚು, ಏರುವ ನೀರೂ ಹೆಚ್ಚು. ನಾನು ಕಲಿಸಿದ ವಿವರಣೆ ತಪ್ಪು. ಅದನ್ನು ತೋರಿಸಿಕೊಡುವ ಸಾಕ್ಷಿ ಎರಡು ಸಲ ಒಬ್ಬಳೇ ಹುಡುಗಿಯ ಕೈಗೆ ಸಿಕ್ಕಿತ್ತು. ಮೊದಲ ಸಲ ನಾನು ಅವಳನ್ನು ಕೂರಿಸಿದೆ. ಎರಡನೇ ಸಲ ಅವಳೇ ಅದನ್ನು ಉತ್ತರಪತ್ರಿಕೆಯಿಂದ ಹೊರಗಿಟ್ಟಳು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದನ್ನು ನಾನು ಮಕ್ಕಳಿಗೆ ಅಭಿಮಾನದಿಂದ ಹೇಳುತ್ತಿದ್ದೆ. ಯಾರು ಹೇಳಿದರೂ ಪ್ರಶ್ನಿಸದೆ ಒಪ್ಪಬೇಡಿ ಎನ್ನುತ್ತಿದ್ದೆ. ಆ ‘ಯಾರು’ ಎಂಬುದರಲ್ಲಿ ನಾನೂ ಸೇರುತ್ತೇನೆಂದು ತರಗತಿಯಲ್ಲಿ ಯಾರಿಗೂ ಅನಿಸದ ಹಾಗೆ ನಡೆದುಕೊಂಡಿದ್ದೆ.

ಪ್ರಶ್ನೆ ಕೇಳುವುದೇ ಚರ್ಚೆ ಎಂದು ನಾನು ನಂಬಿದ್ದು ಮೂಲದ ತಪ್ಪು. ನನ್ನ ಪ್ರಶ್ನೆಗಳು ಬಾಯಿಮಾತಿನ ‘ಬಿಟ್ಟ ಸ್ಥಳ ತುಂಬಿರಿ’ ಆಗಿದ್ದವು. ಉತ್ತರ ಮೊದಲೇ ನನ್ನ ಹತ್ತಿರ ಇತ್ತು. ಮಕ್ಕಳು ಯೋಚಿಸುತ್ತಿದ್ದದ್ದು ಲೋಟದ ಬಗ್ಗೆ ಅಲ್ಲ, ಮೇಷ್ಟ್ರ ಮನಸ್ಸಿನಲ್ಲೇನಿದೆ ಎಂಬುದರ ಬಗ್ಗೆ. ನನ್ನ ಹುಬ್ಬು ಏರಿದರೆ ಉತ್ತರ ಬದಲಾಯಿಸುತ್ತಿದ್ದರು, ತಲೆ ಆಡಿಸಿದರೆ ನಿಲ್ಲಿಸುತ್ತಿದ್ದರು.

ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಒಂದು ಸಂಗತಿ ಗುರುತಿಸಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ಓದಿದಾಗ ಸುಲಭವೆನಿಸಿತ್ತು. ಮಾಡಲು ಹೋದಾಗ ಆ ಮೂರು ಸೆಕೆಂಡಿನ ಮೌನ ನನಗೇ ತಡೆಯಲಾಗಲಿಲ್ಲ, ಬಾಯಿ ತಾನಾಗಿ ಸುಳಿವು ಕೊಟ್ಟುಬಿಡುತ್ತಿತ್ತು. ಅದಕ್ಕಿಂತ ಕಷ್ಟವಾದದ್ದು ‘ವೆರಿ ಗುಡ್’ ಬಿಡುವುದು. ನಾನು ‘ವೆರಿ ಗುಡ್’ ಎಂದ ಕ್ಷಣಕ್ಕೆ ಉಳಿದ ಕೈಗಳೆಲ್ಲ ಕೆಳಗಿಳಿಯುತ್ತವೆ. ಚರ್ಚೆ ಅಲ್ಲಿಗೇ ಮುಗಿದಂತೆ. ಈಗ ಅದರ ಬದಲು “ಹಂಗ್ಯಾಕೆ ಅನ್ಸುತ್ತೆ?” ಎಂದು ಕೇಳುತ್ತೇನೆ, ಉತ್ತರ ಸರಿಯಿದ್ದರೂ ಕೇಳುತ್ತೇನೆ. ತಪ್ಪಿದ್ದಾಗ ಮಾತ್ರ ಕೇಳಿದರೆ ಮಕ್ಕಳಿಗೆ ಅದೇ ಇನ್ನೊಂದು ಸುಳಿವಾಗುತ್ತದೆ.

ಹುಡುಗಿ ಹೇಳಿದ ಮರುದಿನವೇ ತರಗತಿಯಲ್ಲಿ ನನ್ನ ವಿವರಣೆ ತಪ್ಪೆಂದು ಹೇಳಿದೆ. ಆದರೆ ಸರಿಯುತ್ತರ ಹೇಳಲಿಲ್ಲ. ಮತ್ತೆ ತಟ್ಟೆ, ಲೋಟ, ಬತ್ತಿ ತರಿಸಿದೆ. ಈ ಸಲ ಪ್ರಶ್ನೆಗಳ ಕ್ರಮ ಬೇರೆ. ಮೊದಲು, ಕಂಡದ್ದನ್ನಷ್ಟೇ ಬರೆಯಿರಿ, ಕಾರಣ ಬೇಡ. ಪ್ರತಿಯೊಬ್ಬರೂ ಬರೆದ ಮೇಲೆಯೇ ಮಾತು. ಆಗ ‘ಗುಳ್ಳೆ’ ಎಂದು ಬರೆದವರು ಒಬ್ಬಳಲ್ಲ, ಹಲವರು ಎಂದು ಗೊತ್ತಾಯಿತು. ಆಮೇಲೆ ಕಾರಣ. ಆಮೇಲೆ, ನಿಮ್ಮ ಕಾರಣ ನಿಜವಾದರೆ ಇನ್ನೇನು ಕಾಣಬೇಕು, ಯಾವುದು ಕಂಡರೆ ಅದನ್ನು ಕೈಬಿಡುತ್ತೀರಿ? ಈ ಕೊನೆಯ ಪ್ರಶ್ನೆ ನನ್ನ ಹಳೆಯ ಪಟ್ಟಿಯಲ್ಲಿ ಇರಲೇ ಇಲ್ಲ. ಇಡೀ ಚರ್ಚೆಗೆ ಜೀವ ಬಂದದ್ದು ಅದರಿಂದಲೇ.

ಕಾವಿನಿಂದ ಎಂದು ಕೆಲವರು, ಆಮ್ಲಜನಕದಿಂದ ಎಂದು ಕೆಲವರು ಪಟ್ಟು ಹಿಡಿದರು. ಸದಾ ಸುಮ್ಮನಿರುತ್ತಿದ್ದ ಹುಡುಗನೊಬ್ಬ, “ಬತ್ತಿನೇ ಇಲ್ದೆ ಬರೀ ಬಿಸಿ ಮಾಡಿ ನೋಡಣ ಸರ್” ಎಂದ. ಬಿಸಿಯೂಟದ ಅಡುಗೆಮನೆಯಿಂದ ಕಾದ ನೀರು ತಂದೆವು. ಗಾಜು ಸೀಳೀತೆಂದು ಸ್ಟೀಲ್ ಲೋಟ ತೆಗೆದುಕೊಂಡು, ಬಿಸಿನೀರು ತುಂಬಿ, ಚೆಲ್ಲಿ, ತಟಕ್ಕನೆ ತಟ್ಟೆಯ ತಣ್ಣೀರಿನಲ್ಲಿ ಬೋರಲು ಹಾಕಿದೆವು. ತಟ್ಟೆಯ ನೀರು ನೋಡನೋಡುತ್ತಾ ಲೋಟದಡಿ ಸೇರಿಕೊಂಡಿತು. ಬೆಂಕಿಯೇ ಇಲ್ಲ, ಆದರೂ ನೀರು ಏರಿತು.

ಆ ಪಾಠ ಪಠ್ಯಕ್ರಮದಲ್ಲಿ ನನ್ನನ್ನು ಹಿಂದೆ ಹಾಕಿತು, ಮುಖ್ಯ ಶಿಕ್ಷಕರು ಅದನ್ನು ಕೇಳಿಯೂ ಕೇಳಿದರು. ಎಲ್ಲ ಪಾಠಗಳನ್ನೂ ಹೀಗೆ ಮಾಡಲು ಆಗದು. ಯಾವುದನ್ನು ಹೀಗೆ ಮಾಡಬೇಕೆಂದು ಆರಿಸಿಕೊಳ್ಳುತ್ತೇನೆ, ಆರಿಸಿದ್ದನ್ನು ಅರ್ಧಕ್ಕೆ ಬಿಡುವುದಿಲ್ಲ. ಅವತ್ತೂ ಗಂಟೆ ಹೊಡೆದ ಮೇಲೆ, ಗುಳ್ಳೆ ಕಂಡ ಹುಡುಗಿ ಮತ್ತೆ ಕೈ ಎತ್ತಿದಳು. “ಹಂಗಾದ್ರೆ ಆಮ್ಲಜನಕ ಐದ್ರಲ್ಲಿ ಒಂದ್ ಭಾಗ ಅಂತ ಹೆಂಗ್ ಗೊತ್ತಾಯ್ತು ಸರ್?” ಒದ್ದೆ ಪ್ರನಾಳದ ಒಳಗೋಡೆಗೆ ಕಬ್ಬಿಣದ ಪುಡಿ ಅಂಟಿಸಿ, ನೀರಿನಲ್ಲಿ ಬೋರಲು ನಿಲ್ಲಿಸಿದೆವು. ತುಕ್ಕು ಹಿಡಿಯುವಾಗ ಬೆಂಕಿಯಿಲ್ಲ, ಕಾವಿನ ಗೊಂದಲವಿಲ್ಲ. ನೀರು ಎಲ್ಲಿಗೆ ಬಂದು ನಿಲ್ಲಬಹುದೆಂದು ಪ್ರತಿಯೊಬ್ಬರೂ ಪ್ರನಾಳದ ಪಕ್ಕ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಯಾಕೆಂದು ನೋಟ್‌ಬುಕ್ಕಿನಲ್ಲಿ ಬರೆದರು. ನನ್ನ ಗುರುತು ಎಲ್ಲಿ ಎಂದು ಕೇಳಿದರು. ನೀವೆಲ್ಲ ಹಾಕಿದ ಮೇಲೆ ಹಾಕುತ್ತೇನೆ ಎಂದೆ.