ಹೊಳೆ ದಾಟಿದರೆ ಆಟ

2024ರ ಬೇಸಿಗೆ. ತೆಲಂಗಾಣದ ಮಕ್ತಲ್‌ನಲ್ಲಿ ರೈಲು ಹತ್ತಿ ರಾಯಚೂರಿಗೆ ಹೊರಟಿದ್ದೆ. ಎದುರು ಸೀಟಿನ ಹುಡುಗ ಫೋನನ್ನು ಬೈಯುತ್ತಿದ್ದ. ರಮ್ಮಿ ಆ್ಯಪು ತೆರೆದಾಗಲೆಲ್ಲ ‘ನಿಮ್ಮ ರಾಜ್ಯದಲ್ಲಿ ಈ ಆಟಕ್ಕೆ ಅವಕಾಶವಿಲ್ಲ’ ಅನ್ನುತ್ತಿತ್ತಂತೆ. ಕೃಷ್ಣಾ ಸ್ಟೇಷನ್ ದಾಟಿತು, ಸೇತುವೆ ಬಂತು, ಆಚೆ ದಂಡೆಯಲ್ಲಿ ಶಕ್ತಿನಗರದ ಚಿಮಣಿಗಳು ಕಂಡವು. ಹುಡುಗ ನೆಟ್ಟಗೆ ಕೂತ. ‘ಈಗ ಬಂತ್ ನೋಡ್ರಿ ಕಾಕಾ!’

ಬಂದದ್ದು ಕರ್ನಾಟಕ.

•

ಮನೆಗೆ ಬಂದು ಲೆಕ್ಕ ಹಾಕಿದೆ. ಹಣ ಕಟ್ಟುವ ಆನ್‌ಲೈನ್ ರಮ್ಮಿಯನ್ನು ತೆಲಂಗಾಣ 2017ರಲ್ಲೇ ಸುಗ್ರೀವಾಜ್ಞೆ ತಂದು ನಿಲ್ಲಿಸಿತ್ತು. ಕರ್ನಾಟಕ 2021ರ ಅಕ್ಟೋಬರಿನಲ್ಲಿ ನಿಲ್ಲಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯನ್ನು ರದ್ದು ಮಾಡಿತು. ಅಂದರೆ ನಾಲ್ಕು ತಿಂಗಳು ಹೊಳೆಯ ಎರಡೂ ದಂಡೆಗೆ ಒಂದೇ ಕಾನೂನು, ಆಮೇಲೆ ಮತ್ತೆ ಬೇರೆ ಬೇರೆ. ಬಾಗಿಲಿಲ್ಲ, ಕಾವಲುಗಾರನಿಲ್ಲ, ವಯಸ್ಸು ಕೇಳುವವರಿಲ್ಲ. ಫೋನೆಂಬ ಜೂಜಿನ ಯಂತ್ರಕ್ಕೆ ಕೃಷ್ಣೆಯೇ ಗೇಟು.

ಈ ಗಡಿಯಾದರೂ ಎಷ್ಟು ಹಳೆಯದು? ಈಗ ತೆಲಂಗಾಣದಲ್ಲಿರುವ ಗದ್ವಾಲ 1956ರವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕು. ರಾಜ್ಯಗಳನ್ನು ವಿಂಗಡಿಸಿದವರು ಗೆರೆಯನ್ನು ತುಸು ಆಚೆಗೆ ಎಳೆದಿದ್ದರೆ ಅಲ್ಲಿಯ ಹುಡುಗರಿಗೆ ರೈಲು ಟಿಕೇಟಿನ ದುಡ್ಡು ಉಳಿಯುತ್ತಿತ್ತು. (ಉಳಿದದ್ದೂ ರಮ್ಮಿಗೇ ಹೋಗುತ್ತಿತ್ತು, ಅದು ಬೇರೆ ಮಾತು.)

•

ಇನ್ನೂ ಅರ್ಥವಾಗದ್ದು: ರಮ್ಮಿಗೆ ‘ಇದು ಬರೀ ಅದೃಷ್ಟದಾಟವಲ್ಲ, ಬಿದ್ದ ಎಲೆ ನೆನಪಿಡಬೇಕು, ಕೌಶಲ ಬೇಕು’ ಎಂಬ ಸರ್ಟಿಫಿಕೇಟು ಸಿಕ್ಕದ್ದು ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲಿನ ಕೇಸಿನಿಂದ. 1967ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು. ಆ ಕೇಸು ಹಾಕಿದ್ದು ಫಸಲಿ 1305ರ, ಅಂದರೆ ನಿಜಾಮರ ಕಾಲದ, ಜೂಜಿನ ಕಾಯ್ದೆಯಡಿ. ಅದೇ ಮಾತನ್ನು ಹಿಡಿದು ಕಂಪನಿಗಳು ದೇಶವೆಲ್ಲ ವಾದಿಸಿದವು, ಬೆಂಗಳೂರಿನಲ್ಲಿ ಗೆದ್ದವು. ಮಾತು ಹುಟ್ಟಿದ ನೆಲದಲ್ಲೇ ಅದು ನಡೆಯಲಿಲ್ಲ. ತವರಿನಲ್ಲಿ ಮಾನವಿಲ್ಲದ ಮಗಳ ಹಾಗೆ.

•

ಬೆಂಗಳೂರಿನ ವಿಡಿಯೊ ಗೇಮ್ ಪಾರ್ಲರುಗಳ ಜಗಳವೂ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಶಿವಾನಿ ಪ್ರಕರಣ, 1995. ಯಂತ್ರವನ್ನು ಒಳಗಿಂದ ತಿರುಚಿ ಗೆಲ್ಲಲಾಗದಂತೆ ಮಾಡಬಹುದು, ಆದ್ದರಿಂದ ಪಾರ್ಲರಿಗೆ ಲೈಸೆನ್ಸ್ ಬೇಕು, ಪೊಲೀಸರು ನಿಯಂತ್ರಿಸಬಹುದು ಎಂದಿತು ಕೋರ್ಟು. ಆಗ ಪೆಟ್ಟಿಗೆ ಇತ್ತು, ಅಂಗಡಿ ಇತ್ತು, ಒಳಗೆ ಹೋಗಿ ನೋಡುವುದಕ್ಕೊಂದು ಜಾಗವಿತ್ತು. ಹುಡುಗನ ಜೇಬಿನಲ್ಲಿರುವ ಪಾರ್ಲರಿಗೆ ಯಾವ ಇನ್‌ಸ್ಪೆಕ್ಟರ್ ಹೋಗುತ್ತಾನೆ?

•

ಬಸ್ ಸ್ಟ್ಯಾಂಡಿನ ಚಹಾ. ಇಬ್ಬರು ಹತ್ತಿಯ ಧಾರಣೆ ಮಾತಾಡುತ್ತಿದ್ದರು. ಪಕ್ಕದವನು ತಗ್ಗಿದ ದನಿಯಲ್ಲಿ ‘ಓಪನ್ ಏನ್ ಬಂತು?’ ಎಂದ. ನನಗೆ ನಗು ಬಂತು. ಹತ್ತಿ, ಮಟ್ಕಾ, ಎರಡೂ ಒಂದೇ ಬಳ್ಳಿಯ ಕಾಯಿ. ಮಟ್ಕಾ ಹುಟ್ಟಿದ್ದೇ ಹತ್ತಿಯಿಂದ: ನ್ಯೂಯಾರ್ಕ್ ಪೇಟೆಯ ಹತ್ತಿ ದರ ಮುಂಬಯಿಗೆ ತಂತಿಯಲ್ಲಿ ಬರುತ್ತಿತ್ತು, ಶುರುವಿನ ಮತ್ತು ಮುಗಿವಿನ ಅಂಕಿಯ ಮೇಲೆ ಜನ ದುಡ್ಡು ಕಟ್ಟುತ್ತಿದ್ದರು. 1961ರಲ್ಲಿ ಆ ದರ ಬರುವುದು ನಿಂತಿತು. ಆಟ ನಿಲ್ಲಲಿಲ್ಲ. ಮಟ್ಕಾ ನಡೆಸಿದ ಕಲ್ಯಾಣ್‌ಜಿ ಭಗತ್, ಆಮೇಲೆ ರತನ್ ಖತ್ರಿ, ಹತ್ತಿಯನ್ನು ಬಿಟ್ಟು ಬರೀ ಅಂಕಿಯನ್ನು ಉಳಿಸಿಕೊಂಡರು. ಈಗ ಹತ್ತಿ ಬೆಳೆಯುವವನೇ ಹತ್ತಿಯಿಲ್ಲದ ಓಪನ್-ಕ್ಲೋಸಿಗೆ ಹತ್ತಿ ಮಾರಿದ ದುಡ್ಡು ಕಟ್ಟುತ್ತಾನೆ.

ಮಟ್ಕಾ ಚೀಟಿ ಬರೆಯುವವನಿಗೆ ರಾಜ್ಯದ ಚಿಂತೆಯಿಲ್ಲ. ಎರಡೂ ದಂಡೆಗೆ ಒಂದೇ ನಂಬರು. ಆದರೆ ಒಂದು ಕೇಳಿದ್ದೇನೆ, ಬರೆದಿಡಬೇಕು. ಮಗಳ ಮದುವೆಗೆ ಇಟ್ಟ ದುಡ್ಡು ತಂದವನಿಗೆ ಒಬ್ಬ ಬರೆಯುವವನು ‘ಇವತ್ ಸಾಕಪ್ಪಾ, ಮನಿಗ್ ನಡಿ’ ಎಂದು ಕಳಿಸಿದನಂತೆ. ಪುಣ್ಯದ ಕೆಲಸವೇನಲ್ಲ, ನಾಳೆಯ ಗಿರಾಕಿ ಉಳಿಯಲಿ ಅಂತಲೂ ಇರಬಹುದು. ಆದರೂ ನಾನು ನೋಡಿದ ಯಾವ ಕಾಯ್ದೆಯೂ, ಯಾವ ಆ್ಯಪೂ ಆಡುವವನಿಗೆ ‘ಇವತ್ತಿಗೆ ಸಾಕು’ ಅಂದದ್ದು ನೆನಪಿಲ್ಲ. ಎಲ್ಲಿ ಆಡಬಾರದು ಎಂದು ಹೇಳುವವರು ಬೇಕಾದಷ್ಟು.

ಗೋವಾದಲ್ಲಿ ಇನ್ನೊಂದು ತಮಾಷೆ. ಅಲ್ಲಿ ಪಂಚತಾರಾ ಹೋಟೆಲಿನ ಜೂಜಿನ ಯಂತ್ರಗಳಿಗೆ 1992ರಿಂದ ಕಾನೂನಿನ ಒಪ್ಪಿಗೆಯಿದೆ. 2020ರಲ್ಲಿ ಅಲ್ಲಿಯ ಸರ್ಕಾರ ಗೋವಾದವರು ಮಾತ್ರ ಕ್ಯಾಸಿನೊ ಒಳಗೆ ಹೋಗಬಾರದು ಎಂದಿತು. ನಮ್ಮವರು ಹೋಗಬಹುದು! ಮನೆಯವರಿಗೆ ಬೇಡವಾದ ಅಡುಗೆ ಬಂದ ಬೀಗರಿಗೆ.

ನಾರ್ವೆಯ ಸುದ್ದಿ ಓದಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 2007ರಲ್ಲಿ ಅಲ್ಲಿ ಅಂಗಡಿಗಳ ಯಂತ್ರಗಳನ್ನೆಲ್ಲ ಕಿತ್ತುಹಾಕಿದರು. 2009ರಲ್ಲಿ ಸರ್ಕಾರಿ ಕಂಪನಿಯೇ ಬೇರೆ ಯಂತ್ರ ಇಟ್ಟಿತು. ಹೆಸರಿನ ಕಾರ್ಡು ಹಾಕಬೇಕು, ಇಷ್ಟು ಸೋತರೆ ಯಂತ್ರ ತಾನೇ ನಿಲ್ಲುತ್ತದೆ. ಬ್ರಿಟನ್ 2019ರಲ್ಲಿ ಒಂದು ಸುತ್ತಿಗೆ ನೂರು ಪೌಂಡ್ ಕಟ್ಟಬಹುದಿದ್ದ ಯಂತ್ರವನ್ನು ಎರಡು ಪೌಂಡಿಗೆ ಇಳಿಸಿತು. ಆ ಚೀಟಿ ಬರೆಯುವವನ ಮಾತನ್ನು ಯಂತ್ರಕ್ಕೆ ಕಲಿಸಿದಂತಿದೆ.

•

2025ರ ಆಗಸ್ಟ್ 22. ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ. ಹಣದ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ ಎರಡು ವರ್ಷ, ಐವತ್ತು ಲಕ್ಷ. ಆಡಿದವನಿಗೆ ಶಿಕ್ಷೆಯಿಲ್ಲ. ಒಳ್ಳೆಯದೇ. ಆದರೆ ಮರದಡಿ ಅಂದರ್ ಬಾಹರ್ ಆಡುತ್ತ ಸಿಕ್ಕವನನ್ನು ಇಂದಿಗೂ ಜೀಪಿನಲ್ಲಿ ಕೂರಿಸುತ್ತಾರೆ. ಗಾಜಿನ ಮೇಲೆ ಆಡಿದರೆ ಬಲಿಪಶು, ಗೋಣಿತಟ್ಟಿನ ಮೇಲೆ ಆಡಿದರೆ ಆರೋಪಿ. ಇದನ್ನು ಯಾರಾದರೂ ಬಿಡಿಸಿ ಹೇಳಬೇಕು.

•

ಅದೇ ರೈಲು, ಈ ಸಲ ಇನ್ನೊಬ್ಬ ಹುಡುಗ. ಪುಕ್ಕಟೆ ನಾಣ್ಯಗಳ ರಮ್ಮಿ. ಸೇತುವೆ ಬಂದರೂ ತಲೆ ಎತ್ತಲಿಲ್ಲ. ಈಗ ಎರಡೂ ದಂಡೆ ಒಂದೇ ಅಲ್ಲವೇ. ಪಕ್ಕದ ಅಜ್ಜಿ ಹೊಳೆ ಕಂಡು ಕೈಮುಗಿದಳು. ಗಂಗವ್ವಗ ಹಾಕಬೇಕು, ಒಂದು ರೂಪಾಯಿ ಚಿಲ್ಲರೆ ಐತೇನಪ್ಪಾ ಎಂದು ಕೇಳಿದಳು. ಅವನು ಜೇಬು ತಡವಿದ.

‘ಇಲ್ಲಬೇ ಅಮ್ಮಾ, ಎಲ್ಲಾ ಫೋನ್‌ನಾಗೈತಿ.’

ನನ್ನ ಹತ್ತಿರ ಒಂದು ಇತ್ತು. ಕೊಟ್ಟೆ. ಅಜ್ಜಿ ಕಿಟಕಿಯ ಸರಳಿನ ನಡುವಿಂದ ಎಸೆದಳು. ಅದು ಸೇತುವೆಯ ಕಬ್ಬಿಣಕ್ಕೆ ಟಣ್ಣನೆ ಬಡಿಯಿತು. ನೀರಿಗೆ ಬಿತ್ತೋ ಇಲ್ಲವೋ ಕಾಣಲಿಲ್ಲ.